ಹಳೆಯ ಕೈಗಡಿಯಾರಕ್ಕೆ ಬೆಲೆ ಕಟ್ಟುವುದು ಹೇಗೆ?

ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿಯ ರಥೋತ್ಸವವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿಯೂ ಅಷ್ಟೇ. ಸವಾಲು ಲಕ್ಷಗಳಲ್ಲಿ ಏರುತ್ತದೆ. ಅದೇ ಬಟ್ಟೆಯನ್ನು ಅಂಗಡಿಯಲ್ಲಿ ಅಳೆಸಿ ಕೇಳಿದರೆ ಕೆಲವು ನೂರು ರೂಪಾಯಿ ಆದೀತು. ಸವಾಲು ಕೂಗುವವರು ಯಾರೂ ಬಟ್ಟೆಯ ನೇಯ್ಗೆಯನ್ನು ನೋಡಿ ಕೂಗುವುದಿಲ್ಲ. ಅದು ಯಾವ ತೇರಿನ ಬಾವುಟ ಎಂಬುದೇ ಅಲ್ಲಿ ಮುಖ್ಯ.

ಈಗ ಅಲ್ಲಿಂದ ಭೀಮಸಮುದ್ರದ ಅಡಿಕೆ ವ್ಯಾಪಾರಕ್ಕೆ ಬನ್ನಿ. ಇಲ್ಲಿ ಎಲ್ಲವೂ ಉಲ್ಟಾ. ಅಡಿಕೆ ಯಾವ ತೋಟದ್ದು, ಬೆಳೆದವರು ಎಷ್ಟು ದೊಡ್ಡವರು ಎಂದು ವರ್ತಕ ಕೇಳುವುದಿಲ್ಲ. ಚೀಲದ ಬಾಯಲ್ಲಿ ಕಾಣುವ ಅಡಿಕೆಯನ್ನು ಆತ ನಂಬುವುದೂ ಇಲ್ಲ. ಕೈಯನ್ನು ಮೊಣಕೈವರೆಗೆ ಒಳಗಿಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾನೆ, ಒಂದೆರಡನ್ನು ಕತ್ತರಿಸಿ ಒಳಗಿನ ತಿರುಳನ್ನು ನೋಡುತ್ತಾನೆ, ಆಮೇಲೆ ದರ ಬರೆಯುತ್ತಾನೆ. ಬಣ್ಣ ಹಾಕಿ ಕೆಂಪು ಮಾಡಿದ ಅಡಿಕೆ ಎಷ್ಟು ಹೊಳೆದರೂ ಆತನ ಮುಂದೆ ನಡೆಯದು.

ಹಳೆಯ ಕೈಗಡಿಯಾರವೊಂದು ಹರಾಜಿಗೆ ಬಂದಾಗ ಬಾವುಟದ ಹರಾಜು, ಅಡಿಕೆಯ ಹರಾಜು ಎರಡೂ ಒಂದೇ ವಸ್ತುವಿನಲ್ಲಿ ಸೇರಿಕೊಳ್ಳುತ್ತವೆ. ಅದರ ಸ್ಥಿತಿ ಒಂದು ಪ್ರಶ್ನೆ, ಅದರ ಬೆಲೆ ಇನ್ನೊಂದು ಪ್ರಶ್ನೆ. ಇವೆರಡನ್ನೂ ಒಂದೇ ಎಂದುಕೊಂಡವರು ಮೋಸಹೋಗುತ್ತಾರೆ. ಇಂದಿನ ಮಾತು ಅದನ್ನು ಕುರಿತದ್ದು.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಾದದ್ದು ಒಂದು ಪತ್ರ. ಬರೆದವಳು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿನಿ, ಎರಡನೇ ವರ್ಷದ ಬಿ.ಎಸ್ಸಿ. ಹೆಸರು ಬೇಡ ಎಂದಿದ್ದಾಳೆ. "ಸಾರ್, ನಮ್ಮ ಮನೆಯಲ್ಲಿ ಎರಡು ಹಳೇ ವಾಚುಗಳಿವೆ. ಒಂದು ನಮ್ಮ ತಾತನದು. ಇನ್ನೊಂದು ನಮ್ಮಣ್ಣ ಮೊಬೈಲಿನಲ್ಲಿ ಹರಾಜು ಕೂಗಿ ಕೊಂಡದ್ದು. ತಾತನ ವಾಚಿಗೂ ಅದರ ಹಾಗೆಯೇ ಬಣ್ಣ ಹೊಡೆಸಿ ಹರಾಜಿಗೆ ಹಾಕಿದರೆ ನನ್ನ ಹಾಸ್ಟೆಲ್ ಫೀಸು ಬರುತ್ತದೆ ಎಂದು ಅಣ್ಣ ಹೇಳುತ್ತಾನೆ. ಇದು ನಿಜವೇ?" ಇಷ್ಟೇ ಪತ್ರ. ನಾವು ಕ್ಯಾಮೆರಾ ತೆಗೆದುಕೊಂಡು ಹೋದೆವು. ಜೊತೆಗೆ ಚಿತ್ರದುರ್ಗದಲ್ಲಿ ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋದೆವು. ಅವರೂ ಹೆಸರು ಬೇಡ ಎಂದರು. ನಾನು ಮುಂದೆ ಹೇಳುವುದರಲ್ಲಿ ಅರ್ಧ ಅವರಿಂದ ಕಲಿತದ್ದು.

ತಾತನ ವಾಚು ಎಚ್.ಎಂ.ಟಿ. ಜನತಾ. ಅಣ್ಣ ಕೊಂಡದ್ದು ಎಚ್.ಎಂ.ಟಿ. ಪೈಲಟ್, ಅಂದರೆ ಹಾಗೆಂದು ಅದರ ಮುಖದ ಮೇಲೆ ಬರೆದಿತ್ತು.

ಎಚ್.ಎಂ.ಟಿ. ಎಂದರೆ ಏನೆಂದು ಈಗಿನ ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಸರ್ಕಾರಿ ಕಂಪನಿ ಬೆಂಗಳೂರಿನಲ್ಲಿ ಆರಂಭವಾದದ್ದು 1953ರಲ್ಲಿ. ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸುವುದು ಅದರ ಕೆಲಸ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅದು ಕೈಗಡಿಯಾರಕ್ಕೆ ಕೈಹಾಕಿತು. 1970ರ ದಶಕದ ಕೊನೆಗೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಹಿರಿಯೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ಹೆದ್ದಾರಿಯಲ್ಲೇ ತುಮಕೂರು ಸಿಗುತ್ತದೆ. ಒಟ್ಟು ಹತ್ತು ಕೋಟಿಗೂ ಹೆಚ್ಚು ವಾಚುಗಳು ಈ ಸಂಸ್ಥೆಯಿಂದ ಹೊರಬಂದವು. ಕ್ವಾರ್ಟ್ಜ್ ವಾಚುಗಳು ಬಂದ ಮೇಲೆ ಕಾಲ ತಿರುಗಿತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಾದರಿಗಳನ್ನು ನೋಡಬಹುದು. ಅಸಲಿ ಡಯಲು ಹೇಗಿರುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಾರ್ಖಾನೆ ನಿಂತಿತು, ಬೇಡಿಕೆ ಹುಟ್ಟಿತು. ನಮ್ಮ ಕಡೆ ಮದುವೆಯಲ್ಲಿ ವರನಿಗೆ ಕೊಟ್ಟ, ನಿವೃತ್ತಿಯಾದವರಿಗೆ ಶಾಲು ಹೊದಿಸಿ ಕಟ್ಟಿದ ವಾಚುಗಳು ಟ್ರಂಕಿನ ತಳದಲ್ಲಿ ಬಿದ್ದಿದ್ದವು. ಅವುಗಳನ್ನು ಹುಡುಕಿಕೊಂಡು ಜನ ಬರತೊಡಗಿದರು. ಕೂಡಿಡುವ ಹವ್ಯಾಸದವರು ಕೆಲವರು. ಸವೆದ ವಾಚುಗಳನ್ನು ಕಡಿಮೆ ಬೆಲೆಗೆ ಕೊಂಡು, ಒಂದರ ಯಂತ್ರ, ಇನ್ನೊಂದರ ಕೇಸು, ಹೊಸದಾಗಿ ಬಳಿದ ಡಯಲು ಸೇರಿಸಿ ಮಾರುವವರು ಮತ್ತೆ ಕೆಲವರು. ಅಣ್ಣನ ಕೈಗೆ ಬಂದದ್ದು ಈ ಎರಡನೆಯ ದಾರಿಯಿಂದ.

ಹೇಗೆ ತಿಳಿಯಿತು? ಮೊದಲು ಡಯಲನ್ನೇ ನೋಡೋಣ. ಹಳೆಯ ವಾಚಿನ ಬೆಲೆಯ ಬಹುಪಾಲು ಅದರ ಮುಖದಲ್ಲಿದೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರವನ್ನು ತೆಗೆದುಕೊಳ್ಳಿ. ನಿಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಇದ್ದೇ ಇರುತ್ತದೆ. ಕಾರ್ಖಾನೆಯಲ್ಲಿ ಅಕ್ಷರಗಳನ್ನು ಅಚ್ಚಿನಿಂದ ಒತ್ತಿ ಮುದ್ರಿಸುತ್ತಾರೆ. ಅಂಚುಗಳು ಚೊಕ್ಕವಾಗಿರುತ್ತವೆ, ಶಾಯಿ ಎಲ್ಲೆಡೆ ಸಮನಾದ ದಪ್ಪವಿರುತ್ತದೆ, ನಿಮಿಷದ ಗೀಟುಗಳು ಸರಿಯಾಗಿ ಅರವತ್ತು ಇದ್ದು ಒಂದಕ್ಕೊಂದು ಸಮದೂರದಲ್ಲಿರುತ್ತವೆ. ಮರುಬಳಿದ ಡಯಲಿನಲ್ಲಿ ಅಕ್ಷರ ಉಬ್ಬಿ ಹರಡಿರುತ್ತದೆ. ನಿಮಿಷದ ಗೀಟು ಒಂದು ಕಡೆ ಅಂಚಿಗೆ ತಾಗಿದರೆ ಇನ್ನೊಂದು ಕಡೆ ದೂರ ಉಳಿಯುತ್ತದೆ. ಅಣ್ಣನ ಪೈಲಟ್‌ನಲ್ಲಿ ಕಡುಕಿತ್ತಳೆ ಬಣ್ಣದ ಮೇಲೆ ಒಂದು ವಿಮಾನದ ಚಿತ್ರವಿತ್ತು. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮಸೂರ ಹಿಡಿದರೆ "ಜುವೆಲ್ಸ್" ಎಂಬ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರವೇ ಇಲ್ಲ! ಕಾರ್ಖಾನೆ ಲಕ್ಷಗಟ್ಟಲೆ ವಾಚು ಮಾಡಿದ್ದು, ಕಾಗುಣಿತ ತಪ್ಪಿಸಿಕೊಂಡಲ್ಲ. ನಿಮಿಷದ ಮುಳ್ಳು ಗೀಟುಗಳನ್ನು ಮುಟ್ಟದೆ ಅರ್ಧದಲ್ಲೇ ನಿಂತಿತ್ತು. ಅಂದರೆ ಮುಳ್ಳೂ ಬೇರೆ ವಾಚಿನದು.

ತಾತನ ಜನತಾದ ಡಯಲು ನೋಡಲು ಬೇಸರವೇ ಆಗುವಂತಿತ್ತು. ಬಿಳಿ ಹೋಗಿ ಹಳದಿಯಾಗಿದೆ. ನಾಲ್ಕರ ಹತ್ತಿರ ಕಂದು ಕಲೆ. ನಾಗರಿ ಲಿಪಿಯ "ಜನತಾ" ಮಾತ್ರ ಸೂಜಿಯಿಂದ ಬರೆದಷ್ಟು ಸ್ಪಷ್ಟ. ರಿಪೇರಿಯ ಹಿರಿಯರು ಮಸೂರವನ್ನು ಕಣ್ಣಿನಿಂದ ತೆಗೆಯದೆಯೇ, "ಇದನ್ನು ಯಾರೂ ಮುಟ್ಟಿಲ್ಲ" ಎಂದರು. ಅವರ ಬಾಯಲ್ಲಿ ಅದೊಂದು ದೊಡ್ಡ ಹೊಗಳಿಕೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ತಂದೆ ಹೊಳಲ್ಕೆರೆ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರು. ಅವರದೂ ಜನತಾ ವಾಚೇ. ಶಾಲೆಯ ಗಂಟೆ ಹೊಡೆಯುತ್ತಿದ್ದುದು ಆ ವಾಚನ್ನು ನೋಡಿಕೊಂಡೇ. ನನಗೆ ಮೊದಲ ಕೆಲಸ ಸಿಕ್ಕಾಗ ಅವರಿಗೆ ಏನಾದರೂ ಕೊಡಬೇಕೆನಿಸಿತು. ಹೇಳದೆ ಕೇಳದೆ ವಾಚನ್ನು ತೆಗೆದುಕೊಂಡು ಹೋಗಿ ಪೇಟೆಯ ಒಂದು ಅಂಗಡಿಯಲ್ಲಿ "ಹೊಸದರಂತೆ ಮಾಡಿಕೊಡಿ" ಎಂದೆ. ಮಾಡಿಕೊಟ್ಟರು. ಕೇಸನ್ನು ಉಜ್ಜಿ ಹೊಳಪು, ಡಯಲಿಗೆ ಹೊಸ ಬಿಳಿ, ಮೇಲೆ ದಪ್ಪ ಅಕ್ಷರ. ತಂದೆ ಅದನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿದರು. "ಇದು ಯಾರ ವಾಚಪ್ಪ?" ಎಂದರು. ನಾನು ಬಿ.ಎಸ್ಸಿ. ಓದಿದವನು, ಮಸೂರದ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು. ಆದರೂ ಕೆರೆದುಹಾಕಿದ ಹಳೆಯ ಮುದ್ರಣವನ್ನು ಮತ್ತೆ ತರಲು ಯಾವ ವಿಜ್ಞಾನದಿಂದಲೂ ಆಗದೆಂದು ಅಂಗಡಿಗೆ ಹೋಗುವ ಮುನ್ನ ನನಗೆ ಹೊಳೆಯಲಿಲ್ಲ.

ಆದ್ದರಿಂದ ಮಿತ್ರರೇ, ಐವತ್ತು ವರ್ಷದ ವಾಚು ಹೊಸದರಂತೆ ಹೊಳೆಯುತ್ತಿದ್ದರೆ ಮೊದಲು ಸಂಶಯಪಡಿ. ಪೆಟ್ಟಿಗೆಯಿಂದ ತೆಗೆಯದೆ ಉಳಿದ ವಾಚುಗಳು ಇರಬಹುದು. ಆದರೆ ಅವು ಅಪರೂಪ.

ಇನ್ನು ಕೇಸು. ಅಗ್ಗದ ವಾಚುಗಳಲ್ಲಿ ಹಲವಕ್ಕೆ ಹಿತ್ತಾಳೆಯಂಥ ಲೋಹದ ಮೇಲೆ ಕ್ರೋಮಿಯಂ ಲೇಪ, ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಬೆವರಿನಲ್ಲಿ ಉಪ್ಪಿದೆ. ಕೈಗೆ ತಾಗುವ ಕಡೆ ಲೇಪ ಸವೆದು ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಚಿನ್ನದ ಲೇಪದ ವಾಚಾದರೆ "20 ಮೈಕ್ರಾನ್" ಎಂದು ಬರೆದಿರಬಹುದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಪ್ಪತ್ತು ಮೈಕ್ರಾನ್ ಚಿನ್ನವನ್ನು ಎಷ್ಟು ಸಲ ಉಜ್ಜಬಹುದು, ನೀವೇ ಯೋಚಿಸಿ. ಪಟ್ಟಿಯನ್ನು ಸಿಕ್ಕಿಸುವ ಕಾಲುಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಅಂಚು ಚೂಪಾಗಿದ್ದರೆ ಕೇಸನ್ನು ಉಜ್ಜಿಲ್ಲ. ಬಾಯಲ್ಲಿಟ್ಟು ಚೀಪಿದ ಪೆಪ್ಪರಮೆಂಟಿನಂತೆ ಗುಂಡಗಾಗಿದ್ದರೆ ಉಜ್ಜಿದ್ದಾರೆ.

ಕೀ ಕೊಡುವ ತಿರುಪನ್ನು ತಿರುಗಿಸಿ. ಬೆರಳಿಗೆ ಮೆಲ್ಲನೆ ಬಿಗಿ ಹತ್ತಬೇಕು. ಕರಕರ ಎಂದರೆ ಒಳಗೆ ತುಕ್ಕಿದೆ. ನೀರು ಮತ್ತು ಬೆವರು ಒಳನುಗ್ಗುವ ಮುಖ್ಯ ಬಾಗಿಲು ಈ ತಿರುಪಿನ ರಂಧ್ರ. ನಮ್ಮ ಕಡೆ ಬಯಲುಸೀಮೆಯಲ್ಲಿ ತುಕ್ಕಿಗಿಂತ ಧೂಳೇ ಹೆಚ್ಚಿನ ಶತ್ರು. ಹೊಸದುರ್ಗದ ಕಡೆ ಗಾಳಿ ಬೀಸುವ ತಿಂಗಳುಗಳಲ್ಲಿ ಬಂದ ವಾಚುಗಳನ್ನು ಬಿಚ್ಚಿದರೆ ಎಣ್ಣೆ ಮತ್ತು ಮಣ್ಣು ಕಲಸಿದ ಹಿಟ್ಟಿನಂತಿರುತ್ತದೆ ಎಂದು ನಮ್ಮ ಹಿರಿಯರು ಹೇಳಿದರು.

ಈಗ ಮುಚ್ಚಳ ತೆರೆಯುವ ಹೊತ್ತು. ಇದನ್ನು ಚಾಕುವಿನಿಂದ ಮಾಡಲು ಹೋಗಬೇಡಿ. ಬಲ್ಲವರಿಂದ, ಸರಿಯಾದ ಉಪಕರಣದಿಂದ ತೆರೆಸಿ. ಮುಚ್ಚಳ ತೆರೆದು ತೋರಿಸಲು ಒಪ್ಪದ ಮಾರಾಟಗಾರ, ಒಳಗಿನ ಫೋಟೋ ಹಾಕದ ಹರಾಜು, ಇವುಗಳಿಂದ ದೂರವಿರುವುದೇ ಲೇಸು. ಅಡಿಕೆ ಚೀಲಕ್ಕೆ ಕೈ ಹಾಕಲು ಬಿಡದಿದ್ದರೆ ಭೀಮಸಮುದ್ರದ ವರ್ತಕ ದರ ಬರೆಯುತ್ತಾನೆಯೇ?

ಒಳಗೆ ಕಾಣುವುದನ್ನು ರಿಪೇರಿಯವರು ಮಿಷೀನು ಎನ್ನುತ್ತಾರೆ. ಕೀ ಕೊಟ್ಟಾಗ ದೊಡ್ಡ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಮೂಲಕ ಒಂದು ತೂಗುಚಕ್ರಕ್ಕೆ ಬರುತ್ತದೆ. ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗೊಂದು ಆ ಚಕ್ರವನ್ನು ಅತ್ತಿತ್ತ ತೂಗಿಸುತ್ತದೆ. ಜನತಾದಂಥ ವಾಚಿನಲ್ಲಿ ಗಂಟೆಗೆ 18,000 ಬಡಿತ. ಸೆಕೆಂಡಿಗೆ ಐದು. ದಿನಕ್ಕೆ 4,32,000. ವರ್ಷಕ್ಕೆ ಸುಮಾರು 15 ಕೋಟಿ 77 ಲಕ್ಷ. ಈ ಚಕ್ರದ ಅಕ್ಷದ ತುದಿ ಎಷ್ಟು ದಪ್ಪ ಗೊತ್ತೇ? ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅಷ್ಟು ಸಣ್ಣ ತುದಿ ಅಷ್ಟು ಬಡಿತ ತಡೆಯಬೇಕಾದರೆ ಕೂರಲು ಗಟ್ಟಿಯಾದ, ನುಣುಪಾದ ಜಾಗ ಬೇಕು. ಅದಕ್ಕಾಗಿಯೇ ಮಾಣಿಕ್ಯದ ಕಲ್ಲುಗಳು. ಡಯಲಿನ ಮೇಲೆ "17 ಜುವೆಲ್ಸ್" ಎಂದು ಬರೆದಿರುವುದು ಇವನ್ನೇ. ಇವು ಕಾರ್ಖಾನೆಯಲ್ಲಿ ಮಾಡಿದ ಕೃತಕ ಮಾಣಿಕ್ಯ. ಫ್ರಾನ್ಸಿನ ವೆರ್ನ್ಯೂಯಿ ಎಂಬ ವಿಜ್ಞಾನಿ ಇದನ್ನು ತಯಾರಿಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ಹದಿನೇಳು ಮಾಣಿಕ್ಯವಿದೆ ಎಂದು ಒಡವೆಯ ಲೆಕ್ಕದಲ್ಲಿ ಬೆಲೆ ಹೇಳುವವರೂ ಇದ್ದಾರೆ. ನಕ್ಕು ಸುಮ್ಮನಾಗಿ.

ನೋಡಬೇಕಾದದ್ದು ಮೂರ್ನಾಲ್ಕು. ತಿರುಪುಮೊಳೆಗಳ ತಲೆ ಕಿತ್ತುಹೋಗಿದೆಯೇ? ಕಿತ್ತಿದ್ದರೆ ಒರಟು ಕೈಯ ಕೆಲಸ. ಎಲ್ಲ ಮೊಳೆಗಳೂ ಒಂದೇ ಬಗೆಯವೇ? ಸುರುಳಿಯ ಸುತ್ತುಗಳ ನಡುವೆ ಅಂತರ ಸಮನಾಗಿದೆಯೇ, ಅಥವಾ ಒಂದಕ್ಕೊಂದು ಅಂಟಿಕೊಂಡಿವೆಯೇ? ಅಂಟಿಕೊಂಡಿದ್ದರೆ ಎಣ್ಣೆ ತಾಗಿರಬಹುದು, ಇಲ್ಲವೇ ಕಾಂತತ್ವ ಸೇರಿರಬಹುದು. ಸುರುಳಿ ಗಿಡ್ಡವಾದಂತಾಗಿ ವಾಚು ಗಂಟೆಗೆ ಹಲವು ನಿಮಿಷ ಮುಂದೆ ಓಡುತ್ತದೆ. ಪ್ರಯೋಗಾಲಯದ ದಿಕ್ಸೂಚಿಯನ್ನು ವಾಚಿನ ಹತ್ತಿರ ಹಿಡಿಯಿರಿ. ತೂಗುಚಕ್ರದ ಬಡಿತಕ್ಕೆ ಸರಿಯಾಗಿ ಮುಳ್ಳು ನಡುಗಿದರೆ ಕಾಂತತ್ವವೇ. ಇದು ಕಡಿಮೆ ಖರ್ಚಿನಲ್ಲಿ ಹೋಗುವ ದೋಷ. ಅಕ್ಷದ ತುದಿ ಮುರಿದಿದ್ದರೆ ಖರ್ಚು ಬೇರೆ.

ಅಣ್ಣನ ವಾಚಿನೊಳಗೆ ಮೂರು ಬಗೆಯ ಮೊಳೆಗಳಿದ್ದವು. ತಾತನ ವಾಚಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀರಿದ ಪುಟ್ಟ ಅಂಕಿಗಳಿದ್ದವು. ರಿಪೇರಿಯವರು ಪ್ರತಿ ಸಲ ಎಣ್ಣೆ ಹಾಕಿದಾಗ ದಿನಾಂಕ ಗೀರಿಡುವ ಪದ್ಧತಿಯಿದೆ. ಐದು ಸಲದ ಗುರುತು. ಅದರಲ್ಲೊಂದನ್ನು ನೋಡಿ ನಮ್ಮ ಹಿರಿಯರು ತಲೆ ಎತ್ತಿದರು. "ಇದು ನಮ್ಮ ಗುರುಗಳ ಕೈ" ಎಂದರು. ಮೊಬೈಲ್ ಪರದೆಯ ಮೇಲಿನ ಯಾವ ಪ್ರಮಾಣಪತ್ರಕ್ಕಿಂತಲೂ ನನಗೆ ಆ ಗೀರು ಹೆಚ್ಚು ನಂಬಿಕೆ ಹುಟ್ಟಿಸಿತು.

ವಾಚು ಸರಿಯಾಗಿ ನಡೆಯುತ್ತದೆಯೇ ಎಂಬುದನ್ನು ಅರ್ಧ ನಿಮಿಷ ಕಿವಿಗೆ ಹಿಡಿದು ತೀರ್ಮಾನಿಸಬೇಡಿ. ಪೂರ್ತಿ ಕೀ ಕೊಟ್ಟು 24 ಗಂಟೆ ಇಡಿ. ಮುಖ ಮೇಲೆ ಮಾಡಿ ಒಂದು ದಿನ, ಮುಖ ಕೆಳಗೆ ಮಾಡಿ ಒಂದು ದಿನ, ನಿಲ್ಲಿಸಿ ಒಂದು ದಿನ. ಮೂರು ಭಂಗಿಗಳಲ್ಲೂ ವ್ಯತ್ಯಾಸ ಸುಮಾರಾಗಿ ಒಂದೇ ಇದ್ದರೆ ಅಕ್ಷ ಚೆನ್ನಾಗಿದೆ. ದಿನಕ್ಕೆ 40 ಸೆಕೆಂಡು ಹಿಂದೆ ಬೀಳುವ ವಾಚನ್ನು ಕೆಟ್ಟಿದೆ ಎನ್ನುತ್ತೇವೆ. ದಿನಕ್ಕೆ 86,400 ಸೆಕೆಂಡು. ನಲವತ್ತು ಎಂದರೆ 2,160ರಲ್ಲಿ ಒಂದು ಭಾಗ. ನಿಮ್ಮ ಪ್ರಯೋಗಾಲಯದಲ್ಲಿ ಇಷ್ಟು ಕಡಿಮೆ ದೋಷದಲ್ಲಿ ಎಷ್ಟು ಅಳತೆಗಳನ್ನು ಮಾಡಿದ್ದೀರಿ?

ಕತ್ತಲೆಯಲ್ಲಿ ಹೊಳೆಯುವ ಮುಳ್ಳುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ವಿದೇಶಿ ವಾಚುಗಳಲ್ಲಿ ಕೆಲವಕ್ಕೆ ರೇಡಿಯಂ ಬಳಿದಿರುತ್ತಿದ್ದರು. ಹೊಳಪು ಕೊಡುವ ಸತುವಿನ ಸಲ್ಫೈಡು ಕೆಲವು ದಶಕಗಳಲ್ಲಿ ಕೆಟ್ಟು ಬೆಳಕು ನಿಲ್ಲುತ್ತದೆ. ರೇಡಿಯಂ ಮಾತ್ರ ಹೋಗುವುದಿಲ್ಲ. ಅದರ ಅರ್ಧಾಯು 1,600 ವರ್ಷ. ಅಂಥ ಡಯಲನ್ನು ಕೆರೆಯಬೇಡಿ, ಅದರ ಪುಡಿ ಮೂಗಿಗೆ ಹೋಗಬಾರದು. ಆಮೇಲೆ ಬಂದ ಟ್ರಿಷಿಯಂನ ಅರ್ಧಾಯು 12.3 ವರ್ಷ. ಐವತ್ತು ವರ್ಷವಾದರೆ ಹದಿನಾರರಲ್ಲಿ ಒಂದು ಪಾಲಷ್ಟೇ ಉಳಿದಿರುತ್ತದೆ. ಹಾಗಿರುವಾಗ ಅಷ್ಟು ಹಳೆಯದೆನ್ನುವ ವಾಚು ರಾತ್ರಿಯೆಲ್ಲಾ ಹಸಿರಾಗಿ ಹೊಳೆದರೆ ಆ ಬಣ್ಣ ಮೊನ್ನೆ ಮೊನ್ನೆಯದು.

ಇಷ್ಟೂ ಸ್ಥಿತಿಯ ಮಾತಾಯಿತು. ಬೆಲೆಯ ಮಾತು ಬೇರೆ.

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ ರೋಲೆಕ್ಸ್ ಡೇಟೋನಾ ವಾಚೊಂದು 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟಿಕೊಂಡಿದ್ದ ವಾಚು. ಜೋಪಾನವಾಗಿ ಕಾರು ಓಡಿಸು ಎಂಬರ್ಥದ ಮಾತನ್ನು ಅವನ ಹೆಂಡತಿ ಹಿಂಬದಿಯಲ್ಲಿ ಕೆತ್ತಿಸಿದ್ದಳು. ಅದೇ ಮಾದರಿಯ ಇತರ ವಾಚುಗಳಿಗೆ ಇದರ ಸಣ್ಣ ಪಾಲೂ ಸಿಗುವುದಿಲ್ಲ. ಹಿರಿಯೂರಿನ ಬಾವುಟ ನೆನಪಾಯಿತೇ? ಇದರಲ್ಲಿ ಇನ್ನೊಂದು ಪಾಠವಿದೆ. ಸುತ್ತಿಗೆ ಬಿದ್ದದ್ದು 1 ಕೋಟಿ 55 ಲಕ್ಷಕ್ಕೆ. ಉಳಿದದ್ದು ಕೊಂಡವನಿಂದ ಹರಾಜು ಸಂಸ್ಥೆ ವಸೂಲು ಮಾಡುವ ಶುಲ್ಕ. ಸವಾಲು ಕೂಗುವ ಮುನ್ನ ಈ ಶುಲ್ಕ ಎಷ್ಟೆಂದು ಕೇಳಿಕೊಳ್ಳಬೇಕು. 2009ರಲ್ಲಿ ಅದೇ ಊರಿನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆ ಮತ್ತು ಜೇನಿತ್ ಜೇಬು ಗಡಿಯಾರ ಒಟ್ಟಾಗಿ 18 ಲಕ್ಷ ಡಾಲರಿಗೆ ಹೋದವು. ಕೊಂಡವರು ನಮ್ಮ ಕರ್ನಾಟಕದವರೇ ಆದ ವಿಜಯ್ ಮಲ್ಯ. ಗಡಿಯಾರ ನಡೆಯುತ್ತದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ.

ಹಾಗಾದರೆ ತಜ್ಞರಿರುವ ದೊಡ್ಡ ಹರಾಜಿನಲ್ಲಿ ಮೋಸವಿಲ್ಲವೇ? 2021ರ ನವೆಂಬರಿನಲ್ಲಿ ಜಿನೀವಾದಲ್ಲಿ 1957ರದೆಂಬ ಒಮೆಗಾ ಸ್ಪೀಡ್‌ಮಾಸ್ಟರ್ ವಾಚು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಹರಾಜಿಗೆ ಮುಂಚೆ ಕಟ್ಟಿದ ಅಂದಾಜು ಲಕ್ಷದ ಆಸುಪಾಸಿನಲ್ಲಿತ್ತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. 2023ರಲ್ಲಿ ಅದು ಹಲವು ವಾಚುಗಳ ಭಾಗಗಳನ್ನು ಸೇರಿಸಿ ಕಟ್ಟಿದ ವಾಚೆಂದು ಬಯಲಾಯಿತು. ಮಾಡಿದ ಕಂಪನಿಯೇ ತನ್ನ ವಾಚೆಂದು ಕೊಂಡು ಮೋಸಹೋದ ಮೇಲೆ ಮೊಬೈಲಿನಲ್ಲಿ ಸವಾಲು ಕೂಗಿದ ಹಳ್ಳಿಯ ಹುಡುಗನನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ.

ಹರಾಜಿನಲ್ಲಿ ಗೆದ್ದವನೇ ಸೋಲುವುದುಂಟು. ಒಂದು ಜಾಡಿಯಲ್ಲಿ ಕಡಲೆಕಾಯಿ ತುಂಬಿಟ್ಟು ಎಷ್ಟಿವೆ ಎಂದು ನಿಮ್ಮ ತರಗತಿಯವರನ್ನೆಲ್ಲಾ ಕೇಳಿ. ಕೆಲವರು ಕಡಿಮೆ ಹೇಳುತ್ತಾರೆ, ಕೆಲವರು ಹೆಚ್ಚು. ಎಲ್ಲರ ಸರಾಸರಿ ನಿಜಕ್ಕೆ ಹತ್ತಿರ ಬರಬಹುದು. ಆದರೆ ಹರಾಜಿನಲ್ಲಿ ವಸ್ತು ಹೋಗುವುದು ಸರಾಸರಿಯವನಿಗಲ್ಲ, ಎಲ್ಲರಿಗಿಂತ ಹೆಚ್ಚು ಊಹಿಸಿದವನಿಗೆ. ಅಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವನಿಗೆ. ಅಮೆರಿಕದ ತೈಲ ಕಂಪನಿಯ ಮೂವರು ಎಂಜಿನಿಯರುಗಳು 1971ರಲ್ಲಿ ತೈಲದ ಗುತ್ತಿಗೆ ಹರಾಜುಗಳಲ್ಲಿ ಇದನ್ನು ತೋರಿಸಿದರು. ಹರಾಜಿನ ಸಿದ್ಧಾಂತಕ್ಕಾಗಿ 2020ರಲ್ಲಿ ಮಿಲ್‌ಗ್ರಮ್ ಮತ್ತು ವಿಲ್ಸನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮಗೆ ಬೇಕಾದದ್ದು ಇಷ್ಟು: ನಿಮ್ಮ ಗರಿಷ್ಠ ಮೊತ್ತವನ್ನು ಹರಾಜಿಗೆ ಮುಂಚೆಯೇ ಕಾಗದದ ಮೇಲೆ ಬರೆದಿಡಿ. ಕಾಣದ ದೋಷಗಳಿಗಾಗಿ ಅದರಲ್ಲೂ ಸ್ವಲ್ಪ ಕಳೆಯಿರಿ. "ಒಂದು ಸಾರಿ, ಎರಡು ಸಾರಿ" ಎಂದು ಕೂಗುವಾಗ ಆ ಕಾಗದವನ್ನು ನೋಡಿ, ಎದುರಾಳಿಯ ಮುಖವನ್ನಲ್ಲ. ಹೊಸದುರ್ಗದಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣ ರಾತ್ರಿ ಹನ್ನೊಂದಕ್ಕೆ ಹರಾಜು ಮುಗಿಯುವ ಕೊನೆಯ ಎರಡು ನಿಮಿಷದಲ್ಲಿ ಮೂರು ಸಲ ಸವಾಲು ಏರಿಸಿದ್ದನಂತೆ.

ಇನ್ನು ತಾತನ ವಾಚು. ಅವರು ಮಾರಿಕಣಿವೆಯ ನಾಲೆಯ ಮೇಲೆ ನೀರುಗಂಟಿಯಾಗಿದ್ದವರು. ಯಾರ ಗದ್ದೆಗೆ ಎಷ್ಟು ಗಂಟೆ ನೀರು ಎಂಬ ಸರದಿಯನ್ನು ರಾತ್ರಿ ಹೊತ್ತು ಟಾರ್ಚು ಬಿಟ್ಟು ಆ ವಾಚಿನಲ್ಲೇ ನೋಡುತ್ತಿದ್ದರು. ಸರದಿ ಬರೆದಿಟ್ಟ ಪುಸ್ತಕವೂ ಮನೆಯಲ್ಲಿದೆ. ಜಗಳವಾದಾಗ ಊರಿನವರು ಒಪ್ಪುತ್ತಿದ್ದುದು ಆ ವಾಚಿನ ಲೆಕ್ಕವನ್ನಂತೆ. ಕೇಳಲು ಎಷ್ಟು ಚೆಂದ! ಆದರೆ ಹುಡುಗಿ ನನ್ನನ್ನು ನೇರವಾಗಿ ಕೇಳಿದಳು: "ಸಾರ್, ಫೀಸು ಆಗುತ್ತಾ?"

ಆಗುವುದಿಲ್ಲ ಎಂದೆ. ಜನತಾ ಅಪರೂಪದ ವಾಚಲ್ಲ. ಹೆಸರೇ ಹೇಳುವಂತೆ ಜನಕ್ಕೆಂದು ಮಾಡಿದ್ದು, ಹೇರಳವಾಗಿ ಮಾಡಿದ್ದು. ಅಸಲಿ ಡಯಲಿನದಕ್ಕೆ ಬಳಿದದ್ದಕ್ಕಿಂತ ಹೆಚ್ಚು ಬರುತ್ತದೆ, ನಿಜ. ಆದರೆ ಅದು ಒಂದು ವರ್ಷದ ಹಾಸ್ಟೆಲ್ ಫೀಸಿನ ಹತ್ತಿರಕ್ಕೂ ಹೋಗದು. ನಾಲೆಯ ಕಥೆಗೆ ಹೊರಗಿನ ಕೊಳ್ಳುವವನು ಏನನ್ನೂ ಸೇರಿಸುವುದಿಲ್ಲ, ಏಕೆಂದರೆ ಅವನಿಗೆ ಆ ನಾಲೆ ಗೊತ್ತಿಲ್ಲ. ಬಣ್ಣ ಹೊಡೆಸಿದರೆ ಈಗ ಬರುವ ಹಣವೂ ಹೋಗುತ್ತದೆ. ಇದನ್ನು ಕ್ಯಾಮೆರಾ ಮುಂದೆ ಹೇಳುವುದು ನನಗೆ ಸುಲಭವಾಗಲಿಲ್ಲ. ಅವಳು ತಲೆಯಾಡಿಸಿದಳು. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ಕೇಳಿದಳು. ಅದನ್ನು ನಮ್ಮವರು ವಿಚಾರಿಸಿ ತಿಳಿಸಿದರು.

ಅಣ್ಣ ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಪೈಲಟನ್ನು ತಾನೂ ಹಾಗೆಯೇ ಹರಾಜಿಗೆ ಹಾಕಿ ಕೈತೊಳೆದುಕೊಳ್ಳುತ್ತೇನೆ ಎಂದ. ಕೊಂಡವರಿಗೆ ಹೇಳುತ್ತೀಯೇನಪ್ಪ ಎಂದು ರಿಪೇರಿಯ ಹಿರಿಯರು ಕೇಳಿದರು. ನನಗೆ ಯಾರು ಹೇಳಿದ್ದರು ಎಂದ ಅವನು. ಅದಕ್ಕೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ತಿಂಗಳಾದ ಮೇಲೆ ತಂಗಿ ಇನ್ನೊಂದು ಪತ್ರ ಬರೆದಳು. ಹರಾಜಿಗೆ ಹಾಕುವಾಗ ವಿವರವನ್ನು ತಾನೇ ಬರೆದುಕೊಟ್ಟಳಂತೆ: ಡಯಲು ಹೊಸದಾಗಿ ಬಳಿದದ್ದು, ನಿಮಿಷದ ಮುಳ್ಳು ಬೇರೆ ವಾಚಿನದು, ಮೊಳೆಗಳು ಮೂರು ಬಗೆಯವು, ಯಂತ್ರ ನಡೆಯುತ್ತದೆ. ಮುಚ್ಚಳ ತೆರೆದ ಫೋಟೋವನ್ನೂ ಹಾಕಿದ್ದರು. ಅಣ್ಣ ಕೊಟ್ಟಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಂತು. ಕೊಂಡವರು ಬಿಡಿಭಾಗಗಳಿಗಾಗಿ ಕೊಂಡೆವೆಂದು ತಿಳಿಸಿದರಂತೆ. ಅಣ್ಣ ಒಂದು ವಾರ ಅವಳೊಡನೆ ಮಾತು ಬಿಟ್ಟಿದ್ದ, ಈಗ ಸರಿಹೋಗಿದ್ದಾನೆ.

ಜನತಾಕ್ಕೆ ಚಿತ್ರದುರ್ಗದ ಹಿರಿಯರು ಎಣ್ಣೆ ಹಾಕಿಕೊಟ್ಟರು. ಮುಚ್ಚಳದ ಒಳಗೆ ಆರನೆಯ ಗೀರು ಬಿತ್ತು. ಡಯಲಿನ ಕಂದು ಕಲೆ ಹಾಗೆಯೇ ಇದೆ. ಅವಳೇ ಅದನ್ನು ಕಟ್ಟಿಕೊಂಡು ಕಾಲೇಜಿಗೆ ಹೋಗುತ್ತಾಳೆ. ದಿನಕ್ಕೆ ಹದಿನೈದು ಸೆಕೆಂಡು ಹಿಂದೆ ಬೀಳುತ್ತದೆಯಂತೆ. ಮೂರು ಭಂಗಿಗಳಲ್ಲಿ ಇಟ್ಟು ನೋಡಿದ ಲೆಕ್ಕವನ್ನು ಪತ್ರದ ಕೊನೆಯಲ್ಲಿ ಒಂದು ಕೋಷ್ಟಕ ಮಾಡಿ ಬರೆದಿದ್ದಳು.